ಹೊರಗೆ ಹೋದ ಡ್ರಾಯಿಂಗ್ ಆಮೇಲೆ ಬದಲಾಗಬಾರದು

ಪ್ರಶ್ನೆ: ನಾವು ಐದು ಜನ ಡಿಸೈನರ್‌ಗಳು. ಪಾರ್ಟ್, ಅಸೆಂಬ್ಲಿ ಎಲ್ಲ ಸಾಲಿಡ್‌ವರ್ಕ್ಸ್‌ನಲ್ಲಿ, ಲೇಔಟ್‌ಗಳು ಆಟೋಕ್ಯಾಡ್‌ನಲ್ಲಿ ಮಾಡುತ್ತೇವೆ (ಎರಡೂ ಕ್ಯಾಡ್, ಅಂದರೆ ಕಂಪ್ಯೂಟರ್‌ನಲ್ಲಿ ಡಿಸೈನ್ ಮಾಡುವ ಸಾಫ್ಟ್‌ವೇರ್). ಎಲ್ಲವೂ ಒಂದೇ ಶೇರ್ಡ್ ಫೋಲ್ಡರ್‌ನಲ್ಲಿವೆ. ಫೈಲ್ ಹೆಸರಿನ ಕೊನೆಗೆ ‘ಫೈನಲ್’, ‘ಫೈನಲ್ 2’, ‘ಲೇಟೆಸ್ಟ್’ ಅಂತ ಸೇರಿಸುತ್ತಾ ಬಂದಿದ್ದೇವೆ. ಇತ್ತೀಚೆಗೆ ಶಾಪ್‌ನಲ್ಲಿ ಹಳೆಯ ಪ್ರಿಂಟ್ ನೋಡಿ ಒಂದು ಶಾಫ್ಟ್ ಮಾಡಿಬಿಟ್ಟರು. ಆಗ ಒಂದು ವರ್ಷದ ಹಿಂದಿನ ರೆವ್ ಎ (ರಿವಿಷನ್ ಎ) ಡ್ರಾಯಿಂಗ್ ತೆರೆದು ನೋಡಿದೆ. ಅದರಲ್ಲಿ ಇವತ್ತಿನ ತಾರೀಖು, ಇವತ್ತಿನ ಆಕಾರವೇ ಕಾಣಿಸಿತು! ರಿವಿಷನ್ ಸರಿಯಾಗಿ ಇಡುವುದು ಹೇಗೆ? ಎ, ಬಿ, ಸಿ ಬಳಸಬೇಕಾ, 1, 2, 3 ಬಳಸಬೇಕಾ? ಇದಕ್ಕೆಲ್ಲ ಪಿಡಿಎಂ (ಡಿಸೈನ್ ಫೈಲ್‌ಗಳನ್ನು ನಿರ್ವಹಿಸುವ) ಸಾಫ್ಟ್‌ವೇರ್ ಬೇಕೇ ಬೇಕಾ?

ಉತ್ತರ: ಶಾಫ್ಟ್ ತಪ್ಪಾಯಿತು ಅನ್ನುವುದಕ್ಕಿಂತ ನಿಮ್ಮ ಇನ್ನೊಂದು ಮಾತು ನನ್ನನ್ನು ಜಾಸ್ತಿ ಕಾಡಿತು. ಹಳೆಯ ರೆವ್ ಎ ತೆರೆದರೆ ಹೊಸ ಆಕಾರ ಕಂಡಿತು ಅಂದಿರಲ್ಲ, ಆ ಮಾತು. ಶಾಫ್ಟ್ ಇನ್ನೊಂದು ಮಾಡಿಕೊಳ್ಳಬಹುದು. ಆದರೆ ಒಂದು ವರ್ಷದ ಹಿಂದೆ ನೀವು ಶಾಪ್‌ಗೆ ಏನು ಕೊಟ್ಟಿರಿ ಅನ್ನುವ ದಾಖಲೆ ಈಗ ನಿಮ್ಮ ಕೈಯಲ್ಲಿಲ್ಲ. ಅಕ್ಷರ, ಅಂಕಿ, ಸಾಫ್ಟ್‌ವೇರ್ ಇವೆಲ್ಲ ಆಮೇಲಿನ ಮಾತು. ಮೊದಲು ಇದು ಯಾಕೆ ಹೀಗಾಯಿತು ಅಂತ ನೋಡೋಣ.

ಸಾಲಿಡ್‌ವರ್ಕ್ಸ್‌ನ ಡ್ರಾಯಿಂಗ್ ಫೈಲ್ ತನ್ನ ಆಕಾರವನ್ನು ತಾನೇ ಇಟ್ಟುಕೊಳ್ಳುವುದಿಲ್ಲ. ಯಾವ ಪಾರ್ಟ್ ಫೈಲ್ ನೋಡಬೇಕು, ಯಾವ ದಿಕ್ಕಿನಿಂದ ನೋಡಬೇಕು ಅಂತ ಬರೆದಿಟ್ಟುಕೊಂಡಿರುತ್ತದೆ. ತೆರೆದಾಗ ಆ ಪಾರ್ಟ್ ಫೈಲನ್ನು ಹುಡುಕಿ, ಅದು ಈಗ ಹೇಗಿದೆಯೋ ಹಾಗೆ ತೋರಿಸುತ್ತದೆ. ನೀವು ರೆವ್ ಎ ಡ್ರಾಯಿಂಗನ್ನು ‘ಸೇವ್ ಆ್ಯಸ್’ ಮಾಡಿ ಪಕ್ಕಕ್ಕಿಟ್ಟಿರಿ, ಸರಿ. ಆದರೆ ಅದು ನೋಡುತ್ತಿದ್ದ ಪಾರ್ಟ್ ಫೈಲ್ ಅದೇ ಹೆಸರಿನಲ್ಲಿ ಬದಲಾಗುತ್ತಾ ಹೋಯಿತು. ಆಟೋಕ್ಯಾಡ್‌ನ ಎಕ್ಸ್‌ರೆಫ್ (ಒಂದು ಡ್ರಾಯಿಂಗ್ ಇನ್ನೊಂದು ಫೈಲನ್ನು ಜೋಡಿಸಿಕೊಳ್ಳುವ ಕೊಂಡಿ) ಕೂಡ ಹೀಗೇ. ತೆರೆದ ಕೂಡಲೇ ಹೊರಗಿನ ಫೈಲನ್ನು ಮತ್ತೆ ಓದುತ್ತದೆ. ತಾರೀಖಿನ ಕತೆಯೂ ಅದೇ. ಟೈಟಲ್ ಬ್ಲಾಕ್ (ಹಾಳೆಯ ಮೂಲೆಯಲ್ಲಿ ಹೆಸರು, ನಂಬರ್, ತಾರೀಖು ಇರುವ ಚೌಕ) ಮಾಡಿದವರು ಅಲ್ಲಿ ತಾರೀಖನ್ನು ಟೈಪ್ ಮಾಡುವ ಬದಲು, ಇವತ್ತಿನ ದಿನ ತೋರಿಸುವ ಫೀಲ್ಡ್ ಕೂರಿಸಿದ್ದಾರೆ. ತೆರೆದ ದಿನವೇ ಅದರ ತಾರೀಖು. ಇದನ್ನು ಇವತ್ತೇ ತೆಗೆಸಿ. ಬಿಡುಗಡೆಯ ತಾರೀಖನ್ನು ಯಾವಾಗಲೂ ಕೈಯಿಂದಲೇ ಟೈಪ್ ಮಾಡಬೇಕು.

ನಾನು ಹೊಸಬರಿಗೆ ಹೀಗೆ ಹೇಳಿಕೊಡುತ್ತೇನೆ: ಕ್ಯಾಡ್ ಫೈಲ್ ಅಂದರೆ ಕನ್ನಡಿ, ಪಿಡಿಎಫ್ ಅಂದರೆ ಫೋಟೋ. ಕನ್ನಡಿಯಲ್ಲಿ ಯಾವಾಗಲೂ ಇವತ್ತಿನ ಮುಖವೇ ಕಾಣುತ್ತದೆ. ಹೋದ ವರ್ಷದ ಮುಖ ಬೇಕಾದರೆ ಹೋದ ವರ್ಷ ತೆಗೆದ ಫೋಟೋ ಇರಬೇಕು. ಪಬ್ಲಿಷ್ ಮಾಡುವುದು ಅಂದರೆ ಆ ಫೋಟೋ ತೆಗೆದು, ಹಿಂದೆ ತಾರೀಖು ಬರೆದು, ಯಾರೂ ಮುಟ್ಟದ ಜಾಗದಲ್ಲಿ ಇಡುವುದು.

ಹಾಗಾಗಿ ನಿಮ್ಮ ಫೋಲ್ಡರ್ ಎರಡಾಗಬೇಕು. ಒಂದು ಕೆಲಸದ ಫೋಲ್ಡರ್. ಅಲ್ಲಿ ಐದೂ ಜನ ಬರೆಯಬಹುದು, ಅಳಿಸಬಹುದು, ಪ್ರಯೋಗ ಮಾಡಬಹುದು. ಇನ್ನೊಂದು ಬಿಡುಗಡೆಯ ಫೋಲ್ಡರ್. ಅದನ್ನು ಎಲ್ಲರೂ ಓದಬಹುದು, ಬರೆಯುವ ಹಕ್ಕು ಒಬ್ಬರಿಗೆ ಮಾತ್ರ. ಅವರು ರಜೆಯಲ್ಲಿದ್ದರೆ ಇನ್ನೊಬ್ಬರಿಗೆ. ಶಾಪ್, ವೆಂಡರ್, ಪರ್ಚೇಸ್, ಕ್ವಾಲಿಟಿ, ಯಾರಿಗೇ ಆಗಲಿ ಡ್ರಾಯಿಂಗ್ ಹೋಗುವುದು ಈ ಎರಡನೆಯ ಫೋಲ್ಡರ್‌ನಿಂದ ಮಾತ್ರ. ಡಿಸೈನರ್ ತನ್ನ ಮೇಜಿನಿಂದ ನೇರವಾಗಿ ಮೇಲ್ ಮಾಡುವುದು ನಿಲ್ಲಬೇಕು. ಕಟ್ಟಡ ಕ್ಷೇತ್ರದವರು ಇದೇ ಯೋಚನೆಯನ್ನು 2018ರಲ್ಲಿ ಬಂದ ಐಎಸ್‌ಒ 19650ರಲ್ಲಿ ನಾಲ್ಕು ಹಂತ ಮಾಡಿ ಇಟ್ಟುಕೊಂಡಿದ್ದಾರೆ: ಕೆಲಸ ನಡೆಯುತ್ತಿರುವುದು, ಹಂಚಿಕೊಂಡದ್ದು, ಪ್ರಕಟಿಸಿದ್ದು, ಆರ್ಕೈವ್‌ಗೆ ಹೋದದ್ದು. ಐದು ಜನರಿಗೆ ಎರಡು ಸಾಕು. ಹಳೆಯ ರಿವಿಷನ್‌ಗಳಿಗೆ ಬಿಡುಗಡೆಯ ಫೋಲ್ಡರ್ ಒಳಗೇ ಬೇರೆ ಜಾಗ ಮಾಡಿದರಾಯಿತು.

ಇನ್ನು ಹೆಸರು. ಇದರಲ್ಲಿ ತುಂಬಾ ಜನ ಎಡವುತ್ತಾರೆ. ಕೆಲಸದ ಫೋಲ್ಡರ್‌ನಲ್ಲಿರುವ ಕ್ಯಾಡ್ ಫೈಲಿನ ಹೆಸರಿಗೆ ರಿವಿಷನ್ ಅಂಟಿಸಬೇಡಿ. ಅದರ ಹೆಸರು ಬರೀ ಪಾರ್ಟ್ ನಂಬರ್. ಹುಟ್ಟಿದಾಗಿನಿಂದ ಕೊನೆಯವರೆಗೂ ಅದೇ. ಯಾಕೆಂದರೆ ಅಸೆಂಬ್ಲಿ ತನ್ನ ಪಾರ್ಟ್‌ಗಳನ್ನು ಹೆಸರು ಹಿಡಿದೇ ಹುಡುಕುತ್ತದೆ. ನೀವು 310-1042 ಅನ್ನುವ ಫೈಲನ್ನು ‘310-1042 ರೆವ್ ಬಿ’ ಅಂತ ಬೇರೆ ಹೆಸರಲ್ಲಿ ಸೇವ್ ಮಾಡಿದಿರಿ ಅನ್ನಿ. ಅದನ್ನು ಬಳಸುವ ಆರು ಅಸೆಂಬ್ಲಿಗಳಲ್ಲಿ ನಿಮಗೆ ನೆನಪಿದ್ದ ಎರಡು ಹೊಸದನ್ನು ನೋಡುತ್ತವೆ, ಉಳಿದ ನಾಲ್ಕು ಹಳೆಯದನ್ನೇ ಹಿಡಿದುಕೊಂಡಿರುತ್ತವೆ. ಯಾವ ಎಚ್ಚರಿಕೆಯೂ ಬರುವುದಿಲ್ಲ. ಪಿಡಿಎಫ್‌ಗೆ ಇದರ ಉಲ್ಟಾ ನಿಯಮ. ಅದನ್ನು ಯಾರೂ ಹೆಸರು ಹಿಡಿದು ಜೋಡಿಸಿಕೊಂಡಿಲ್ಲ, ಆದ್ದರಿಂದ ಅದರ ಹೆಸರಿನಲ್ಲಿ ರಿವಿಷನ್ ಇರಲೇಬೇಕು. ‘310-1042_ರೆವ್-ಬಿ’ ಅಂದರೆ ಫೈಲ್ ತೆರೆಯದೆಯೇ ಗೊತ್ತಾಗಬೇಕು.

ಪಿಡಿಎಫ್ ಜೊತೆಗೆ ಆ ದಿನದ ಕ್ಯಾಡ್ ಫೈಲ್‌ಗಳನ್ನೂ ಕಟ್ಟಿಡಿ. ಸಾಲಿಡ್‌ವರ್ಕ್ಸ್‌ನಲ್ಲಿ ‘ಪ್ಯಾಕ್ ಆ್ಯಂಡ್ ಗೋ’ ಇದೆ, ಆಟೋಕ್ಯಾಡ್‌ನಲ್ಲಿ ‘ಇಟ್ರಾನ್ಸ್‌ಮಿಟ್’ ಇದೆ. ಎರಡೂ ಒಂದು ಫೈಲಿಗೆ ಬೇಕಾದ ಜೊತೆ ಫೈಲ್‌ಗಳನ್ನೆಲ್ಲ ಹುಡುಕಿ ಒಂದು ಜಿಪ್ ಮಾಡಿಕೊಡುತ್ತವೆ. ಎರಡು ವರ್ಷ ಬಿಟ್ಟು ರೆವ್ ಬಿ ಮಾಡೆಲ್ ಬೇಕು ಅಂದಾಗ ಈ ಜಿಪ್ ಬಿಚ್ಚಿದರೆ ಅದೇ ಆಕಾರ ಸಿಗುತ್ತದೆ. ಬಿಚ್ಚುವಾಗ ಮಾತ್ರ ಜೋಪಾನ. ಅದೇ ಹೊತ್ತಿಗೆ ಸಾಲಿಡ್‌ವರ್ಕ್ಸ್‌ನಲ್ಲಿ ಇವತ್ತಿನ 310-1042 ತೆರೆದಿದ್ದರೆ, ಹಳೆಯ ಡ್ರಾಯಿಂಗ್ ಮೆಮೊರಿಯಲ್ಲಿರುವ ಅದನ್ನೇ ಹಿಡಿದುಕೊಳ್ಳುತ್ತದೆ. ಎಲ್ಲ ಮುಚ್ಚಿ, ಆಮೇಲೆ ತೆರೆಯಿರಿ.

ಈಗ ಪಬ್ಲಿಷ್ ಮಾಡುವ ಕ್ಷಣಕ್ಕೆ ಬರೋಣ. ಬಟನ್ ಒತ್ತಿದರೆ ಪಿಡಿಎಫ್ ಬರುತ್ತದೆ, ನಿಜ. ಬಂದದ್ದನ್ನು ತೆರೆದು ನೋಡುವವರು ಕಡಿಮೆ. ದಯವಿಟ್ಟು ನೋಡಿ. ಕ್ಯಾಡ್ ಪರದೆಯನ್ನಲ್ಲ, ಆ ಪಿಡಿಎಫನ್ನೇ. ಆಟೋಕ್ಯಾಡ್‌ನಲ್ಲಿ ಒಂದು ಫಾಂಟ್ ಸಿಗದಿದ್ದರೆ ಅದು ಸುಮ್ನೆ ಇನ್ನೊಂದನ್ನು ಹಾಕಿಕೊಳ್ಳುತ್ತದೆ. ಆಗ ಡಯಾ (ವ್ಯಾಸ) ಚಿಹ್ನೆಯ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಬರಬಹುದು, ಟಾಲರೆನ್ಸ್ (ಅಳತೆಯಲ್ಲಿ ಒಪ್ಪಬಹುದಾದ ವ್ಯತ್ಯಾಸ) ಅಕ್ಷರಗಳು ಅಗಲವಾಗಿ ಪಕ್ಕದ ಗೆರೆಯ ಮೇಲೆ ಬೀಳಬಹುದು. ಎಕ್ಸ್‌ರೆಫ್ ಸಿಗದಿದ್ದರೆ ಆ ಭಾಗದಲ್ಲಿ ಬರೀ ಫೈಲಿನ ದಾರಿ ಬರೆದಿರುತ್ತದೆ. ಸಾಲಿಡ್‌ವರ್ಕ್ಸ್‌ನಲ್ಲಿ ಆಕಾರ ಬದಲಾದಾಗ ಆಸರೆ ಕಳೆದುಕೊಂಡ ಡೈಮೆನ್ಷನ್ ಬೇರೆ ಬಣ್ಣಕ್ಕೆ ತಿರುಗಿ ಎಚ್ಚರಿಸುತ್ತದೆ. ಆದರೆ ಕಪ್ಪು ಬಿಳುಪು ಪಿಡಿಎಫ್‌ನಲ್ಲಿ ಆ ಬಣ್ಣ ಕಾಣುವುದೇ ಇಲ್ಲ. ತಪ್ಪು ಅಳತೆ ಸರಿಯಾದ ಅಳತೆಯ ಹಾಗೇ ಕೂತಿರುತ್ತದೆ. ಹಾಗಾಗಿ ಪಬ್ಲಿಷ್‌ಗೆ ಮುಂಚೆ ಒಮ್ಮೆ ಪೂರ್ತಿ ರೀಬಿಲ್ಡ್ ಮಾಡಿ ಬಣ್ಣ ನೋಡಿ, ಪಬ್ಲಿಷ್ ಆದ ಮೇಲೆ ಪಿಡಿಎಫ್ ನೋಡಿ. ತುಂಬಾ ವರ್ಷ ಉಳಿಯಬೇಕಾದ ಡ್ರಾಯಿಂಗ್ ಆದರೆ ಪಿಡಿಎಫ್/ಎ ಬಳಸಿ. ಅದು ಐಎಸ್‌ಒ 19005, 2005ರಿಂದ ಇದೆ. ಫಾಂಟ್‌ಗಳು ಫೈಲಿನ ಒಳಗೇ ಇರಬೇಕು ಅನ್ನುವುದು ಅದರ ಕಡ್ಡಾಯ ನಿಯಮ.

ಇನ್ನೊಂದು ಮಾತು. ಪಿಡಿಎಫ್ ಒಂದೇ ಹೋಗುವುದಿಲ್ಲ ಅಲ್ವಾ? ಲೇಸರ್ ಕಟ್ಟಿಂಗ್‌ನವರು ಡಿಎಕ್ಸ್‌ಎಫ್ (ಗೆರೆಗಳ ಫೈಲ್) ಮೆಷಿನ್‌ಗೆ ಹಾಕುತ್ತಾರೆ, ಸಿಎನ್‌ಸಿಯವರು (ಕಂಪ್ಯೂಟರ್ ನಡೆಸುವ ಮೆಷಿನ್‌ನವರು) ಸ್ಟೆಪ್ ಅನ್ನುವ 3ಡಿ ಮಾಡೆಲ್ ಫೈಲಿನಿಂದ ಪ್ರೋಗ್ರಾಂ ಮಾಡುತ್ತಾರೆ. ಪಿಡಿಎಫ್ ರೆವ್ ಸಿಗೆ ಹೋಗಿ, ಡಿಎಕ್ಸ್‌ಎಫ್ ರೆವ್ ಬಿಯಲ್ಲೇ ಉಳಿದರೆ ಲೋಹ ಕತ್ತರಿಸುವುದು ಡಿಎಕ್ಸ್‌ಎಫ್ ಹೇಳಿದ ಹಾಗೆ. ಇವೆಲ್ಲ ಒಂದೇ ಕಂತೆ. ಒಂದು ಬದಲಾದರೆ ಎಲ್ಲವನ್ನೂ ಹೊಸದಾಗಿ ತೆಗೆದು, ಎಲ್ಲದಕ್ಕೂ ಅದೇ ಅಕ್ಷರ ಕೊಟ್ಟು, ಒಟ್ಟಿಗೆ ಇಡಿ. ಡಿಎಕ್ಸ್‌ಎಫ್‌ನಲ್ಲಿ ಇನ್ನೊಂದು ಅಪಾಯ ಇದೆ. ಅದರೊಳಗೆ ಇರುವುದು ಬರೀ ಅಂಕಿ. ಯೂನಿಟ್ ಯಾವುದು ಅಂತ ಬರೆದಿದ್ದರೂ ಓದುವ ಸಾಫ್ಟ್‌ವೇರ್ ಅದನ್ನು ನೋಡುತ್ತದೆ ಅನ್ನುವ ಖಾತ್ರಿ ಇಲ್ಲ. ಮಿಲಿಮೀಟರನ್ನು ಇಂಚು ಅಂದುಕೊಂಡರೆ ಪಾರ್ಟ್ 25.4 ಪಟ್ಟು ದೊಡ್ಡದಾಗುತ್ತದೆ. ಅಷ್ಟು ದೊಡ್ಡ ತಪ್ಪು ಕಣ್ಣಿಗೆ ಬೀಳುತ್ತದೆ, ಪುಣ್ಯ. ಆದರೂ ಪಿಡಿಎಫ್‌ನಲ್ಲಿ ಹೊರ ಅಳತೆ ಒಂದನ್ನು ದಪ್ಪಗೆ ಬರೆದಿಟ್ಟರೆ ಮೆಷಿನ್ ಮುಂದೆ ನಿಂತವರಿಗೆ ತಾಳೆ ನೋಡಲು ಸಿಗುತ್ತದೆ.

ಈಗ ನಾನು ನಿಮ್ಮ ವಯಸ್ಸಿನಲ್ಲಿದ್ದಾಗ ಮಾಡಿದ ಒಂದು ತಪ್ಪು ಹೇಳಬೇಕು. ಅದು ಮೋಟಾರ್ ಬ್ರಾಕೆಟ್. ನಾಲ್ಕು ಹೋಲ್, ಪಿಸಿಡಿ (ಹೋಲ್‌ಗಳ ಕೇಂದ್ರಗಳು ಕೂರುವ ವೃತ್ತದ ವ್ಯಾಸ) 98 ಮಿ.ಮೀ. ರೆವ್ ಬಿ ಪಿಡಿಎಫ್ ಬೆಳಿಗ್ಗೆ ವೆಂಡರ್‌ಗೆ ಹೋಯಿತು. ಮಧ್ಯಾಹ್ನ ನನಗೆ ಗೊತ್ತಾಯಿತು, ಪಿಸಿಡಿ 100 ಇರಬೇಕಿತ್ತು. ಒಂದು ಅಂಕಿ ತಾನೇ ಅಂದುಕೊಂಡೆ. ಮಾಡೆಲ್ ತಿದ್ದಿದೆ, ಪಿಡಿಎಫ್ ಮತ್ತೆ ತೆಗೆದೆ, ಅದೇ ಹೆಸರಲ್ಲಿ ಹಳೆಯದರ ಮೇಲೇ ಸೇವ್ ಮಾಡಿದೆ. ವೆಂಡರ್‌ಗೆ ‘ತಿದ್ದಿದ ಡ್ರಾಯಿಂಗ್ ಲಗತ್ತಿಸಿದೆ’ ಅಂತ ಮೇಲ್ ಹಾಕಿದೆ. ಅಷ್ಟರಲ್ಲಿ ಅವರು ಬೆಳಿಗ್ಗೆಯ ಹಾಳೆ ಪ್ರಿಂಟ್ ತೆಗೆದು ಮೆಷಿನ್ ಪಕ್ಕದಲ್ಲಿ ಅಂಟಿಸಿಯಾಗಿತ್ತು. ಮೇಲ್ ನೋಡಿದವರು ಹಾಳೆ ನೋಡಿದರು, ಅದರಲ್ಲೂ ರೆವ್ ಬಿ ಅಂತಲೇ ಇದೆ. ಸರಿ, ನಮ್ಮಲ್ಲಿರುವುದೇ ಇದು ಅಂದುಕೊಂಡರು.

40 ಬ್ರಾಕೆಟ್ ಬಂದವು. ನಮ್ಮ ಇನ್‌ಸ್ಪೆಕ್ಟರ್ ಬಿಡುಗಡೆ ಫೋಲ್ಡರ್‌ನ ರೆವ್ ಬಿ ಇಟ್ಟುಕೊಂಡು ಅಳೆದರು, ಅಷ್ಟೂ ರಿಜೆಕ್ಟ್. ವೆಂಡರ್ ತಮ್ಮ ರೆವ್ ಬಿ ಹಿಡಿದುಕೊಂಡು ಬಂದರು. ಎರಡು ಹಾಳೆಯಲ್ಲೂ ಅದೇ ನಂಬರ್, ಅದೇ ಅಕ್ಷರ, ಅದೇ ತಾರೀಖು, ಅದೇ ಸಹಿ. ಇನ್‌ಸ್ಪೆಕ್ಟರ್ ಎರಡನ್ನೂ ಒಂದರ ಮೇಲೊಂದು ಇಟ್ಟು ಕಿಟಕಿ ಗಾಜಿಗೆ ಒತ್ತಿ ಹಿಡಿದರು. ಹೊರಗಿನ ಬೆಳಕಿನಲ್ಲಿ ಎಲ್ಲ ಗೆರೆ ಕೂಡಿಕೊಂಡವು. ನಾಲ್ಕು ಹೋಲ್ ಮಾತ್ರ ಒಂದೊಂದು ಮಿಲಿಮೀಟರ್ ಹೊರಗೆ ಸರಿದಿದ್ದವು. ಅಂಚು ಎರಡೆರಡಾಗಿ ಕಾಣುತ್ತಿತ್ತು. ಅವರು ಏನೂ ಅನ್ನಲಿಲ್ಲ. ಹಾಳೆಗಳನ್ನು ಹಾಗೇ ಹಿಡಿದುಕೊಂಡು ನನ್ನ ಕಡೆ ನೋಡಿದರು. ಆವತ್ತಿನಿಂದ ಬಿಡುಗಡೆಯಾದ ಫೈಲಿನ ಮೇಲೆ ನಾನು ಒಂದು ಅಲ್ಪವಿರಾಮವನ್ನೂ ತಿದ್ದಿಲ್ಲ. ಐದು ನಿಮಿಷದ ಹಿಂದೆ ಹೋಗಿದ್ದರೂ ಸರಿ, ಕಾಗುಣಿತದ ತಪ್ಪಾದರೂ ಸರಿ, ಮುಂದಿನ ಅಕ್ಷರ ಹಾಕಿಯೇ ಕಳಿಸುತ್ತೇನೆ. ಅಕ್ಷರಗಳಿಗೇನು ಬರವಿಲ್ಲ.

ಇಲ್ಲಿ ವರ್ಷನ್, ರಿವಿಷನ್ ಎರಡನ್ನೂ ಬೇರೆ ಮಾಡಿಕೊಳ್ಳಿ. ವರ್ಷನ್ ನಿಮ್ಮ ಮನೆಯೊಳಗಿನ ಲೆಕ್ಕ. ದಿನಕ್ಕೆ ಹತ್ತು ಸಲ ಸೇವ್ ಮಾಡಿದರೆ ಹತ್ತು ವರ್ಷನ್ ಆಗಬಹುದು, ಅದರಿಂದ ಯಾರಿಗೂ ತೊಂದರೆ ಇಲ್ಲ. ರಿವಿಷನ್ ಹೊರಗಿನವರಿಗೆ ಕೊಟ್ಟ ಮಾತು. ಡ್ರಾಯಿಂಗ್ ಬಾಗಿಲು ದಾಟಿದಾಗ ಮಾತ್ರ ಅದು ಏರಬೇಕು. ಪಿಡಿಎಂ ಸಾಫ್ಟ್‌ವೇರ್‌ಗಳೂ ಹೀಗೇ ನಡೆದುಕೊಳ್ಳುತ್ತವೆ. ಚೆಕ್ ಇನ್ ಮಾಡಿದಾಗ (ಕೆಲಸ ಮಾಡಿದ ಫೈಲನ್ನು ವಾಪಸ್ ಒಪ್ಪಿಸಿದಾಗ) ವರ್ಷನ್ ತಾನೇ ಏರುತ್ತದೆ, ಬಿಡುಗಡೆಯ ಹಂತ ದಾಟಿದಾಗ ರಿವಿಷನ್ ಸಿಗುತ್ತದೆ.

ಅಕ್ಷರವೋ ಅಂಕಿಯೋ ಅಂದಿರಿ. ಎರಡೂ ನಡೆಯುತ್ತದೆ. ನನ್ನ ಇಷ್ಟ ಹೀಗೆ: ಬಿಡುಗಡೆಗೆ ಮುಂಚೆ, ಅಂದರೆ ಕೋಟೇಷನ್‌ಗೋ ಚರ್ಚೆಗೋ ಕೊಡುವಾಗ, 01, 02 ಅಂತ ಅಂಕಿ. ತಯಾರಿಕೆಗೆ ಬಿಟ್ಟ ಮೇಲೆ ಎ, ಬಿ, ಸಿ. ಹಾಳೆಯಲ್ಲಿ ಅಂಕಿ ಕಂಡರೆ ಇದರಿಂದ ಲೋಹ ಕತ್ತರಿಸಬಾರದು ಅಂತ ಶಾಪ್‌ನವರಿಗೆ ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಅಕ್ಷರ ಬಳಸುವಾಗ ಅಮೆರಿಕದ ಎಎಸ್‌ಎಂಇ ವೈ14.35 ಮಾನದಂಡ ಆರು ಅಕ್ಷರಗಳನ್ನು ಬಿಡಲು ಹೇಳುತ್ತದೆ: ಐ, ಒ, ಕ್ಯೂ, ಎಸ್, ಎಕ್ಸ್, ಝಡ್. ಐ ಒಂದರ ಹಾಗೆ, ಒ ಸೊನ್ನೆಯ ಹಾಗೆ, ಎಸ್ ಐದರ ಹಾಗೆ, ಝಡ್ ಎರಡರ ಹಾಗೆ ಕಾಣುತ್ತವೆ. ಎಣ್ಣೆ ಕೈಯಲ್ಲಿ ಹಿಡಿದ ಹಾಳೆಯಲ್ಲಂತೂ ಇನ್ನೂ ಜಾಸ್ತಿ. ವೈ ಮುಗಿದರೆ ಎಎ, ಎಬಿ ಅಂತ ಮುಂದುವರಿಯುತ್ತದೆ. ನೀವು ಯಾವುದನ್ನು ಆರಿಸಿದರೂ ಐದೂ ಜನ ಒಂದೇ ರೀತಿ ಬಳಸಿ. ಅದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಳ್ಳುವ ವಿಷಯ ಇದಲ್ಲ.

ತಲೆ ಕೆಡಿಸಿಕೊಳ್ಳಬೇಕಾದ ವಿಷಯ ಬೇರೆ ಇದೆ. ಬದಲಾವಣೆ ಮಾಡಿದಾಗ ರಿವಿಷನ್ ಏರಿಸಬೇಕೋ, ಪಾರ್ಟ್ ನಂಬರನ್ನೇ ಬದಲಿಸಬೇಕೋ? ಇದನ್ನು ನಿಮ್ಮ ಪ್ರಶ್ನೆಯಲ್ಲಿ ಕೇಳಿಲ್ಲ, ಆದರೂ ಹೇಳದೆ ಬಿಡಲು ಮನಸ್ಸಿಲ್ಲ. ಇದರಲ್ಲಿ ಜೀವಗಳು ಹೋಗಿವೆ.

ಜನರಲ್ ಮೋಟಾರ್ಸ್‌ನ ಇಗ್ನಿಷನ್ ಸ್ವಿಚ್ ಪ್ರಕರಣ ನೀವು ಕೇಳಿರಬಹುದು. ಅವರ ಕೆಲವು ಸಣ್ಣ ಕಾರುಗಳಲ್ಲಿ ಸ್ವಿಚ್ ಬೇಕಾದಷ್ಟು ಬಿಗಿಯಾಗಿರಲಿಲ್ಲ. ಓಡುತ್ತಿರುವಾಗ ಕೀ ಗೊಂಚಲಿನ ಭಾರಕ್ಕೋ, ಒಂದು ಕುಲುಕಿಗೋ, ಕೀ ತಿರುಗಿಬಿಡುತ್ತಿತ್ತು. ಎಂಜಿನ್ ನಿಲ್ಲುತ್ತಿತ್ತು, ಗುದ್ದಿದಾಗ ಏರ್‌ಬ್ಯಾಗ್ ತೆರೆದುಕೊಳ್ಳುತ್ತಿರಲಿಲ್ಲ. 2006ರಲ್ಲಿ ಸ್ವಿಚ್ ಒಳಗಿನ ಸ್ಪ್ರಿಂಗ್ ಮತ್ತು ಪ್ಲಂಜರ್ ಬದಲಿಸಿ ಬಿಗಿ ಮಾಡಲು ಒಪ್ಪಿಗೆ ಸಿಕ್ಕಿತು. ಆದರೆ ಪಾರ್ಟ್ ನಂಬರ್ ಹಳೆಯದೇ ಉಳಿಯಿತು. ಮುಂದೆ ತನಿಖೆ ಮಾಡಿದವರಿಗೆ ಹಳೆಯ ಕಾರುಗಳಲ್ಲಿ ತೊಂದರೆ ಕಾಣುತ್ತಿತ್ತು, ಹೊಸದರಲ್ಲಿ ಇರಲಿಲ್ಲ. ದಾಖಲೆಯಲ್ಲಿ ಎರಡೂ ಒಂದೇ ಸ್ವಿಚ್. ಹಾಗಾಗಿ ಅನುಮಾನ ಸ್ವಿಚ್ ಮೇಲೆ ನಿಲ್ಲಲೇ ಇಲ್ಲ. ಕೊನೆಗೆ ಒಂದು ಕೋರ್ಟ್ ಕೇಸಿನಲ್ಲಿ ಹೊರಗಿನ ಇಂಜಿನಿಯರ್ ಒಬ್ಬರು ಎರಡು ಸ್ವಿಚ್ ಬಿಚ್ಚಿ ಪಕ್ಕಪಕ್ಕ ಇಟ್ಟು ನೋಡಿದಾಗ ಒಳಗಿನ ಭಾಗ ಬೇರೆ ಅಂತ ಗೊತ್ತಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸ್ ಕರೆಸಿದರು. ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳೇ 124. ಸ್ವಿಚ್ ಸಡಿಲ ಇದ್ದದ್ದು ಡಿಸೈನ್ ತಪ್ಪು. ಅದು ಅಷ್ಟು ವರ್ಷ ಕಣ್ಣಿಗೆ ಬೀಳದೆ ಉಳಿಯಲು ಆ ಬದಲಾಗದ ನಂಬರ್ ಒಂದು ದೊಡ್ಡ ಕಾರಣ.

ಎಲ್ಲೆಡೆ ಒಪ್ಪಿದ ನಿಯಮ ಇದು: ಆಕಾರ, ಜೋಡಣೆ, ಕೆಲಸ, ಈ ಮೂರರಲ್ಲಿ ಒಂದು ಬದಲಾಗಿ ಹಳೆಯದರ ಜಾಗದಲ್ಲಿ ಹೊಸದನ್ನೂ ಹೊಸದರ ಜಾಗದಲ್ಲಿ ಹಳೆಯದನ್ನೂ ಹಾಕಲು ಆಗದಿದ್ದರೆ ಹೊಸ ಪಾರ್ಟ್ ನಂಬರ್ ಕೊಡಬೇಕು. ನಾನು ಇದನ್ನು ಡಬ್ಬಿಯ ಪರೀಕ್ಷೆ ಅಂತ ಕರೆಯುತ್ತೇನೆ. ಹಳೆಯ 50, ಹೊಸ 50 ಪಾರ್ಟ್‌ಗಳನ್ನು ಒಂದೇ ಡಬ್ಬಿಗೆ ಸುರಿದು ಕಲಸಿ. ಅಸೆಂಬ್ಲಿಯವರು ಕಣ್ಣು ಮುಚ್ಚಿ ಒಂದನ್ನು ಎತ್ತಿಕೊಂಡರೆ ಏನಾದರೂ ತೊಂದರೆ ಇದೆಯಾ? ಇಲ್ಲ ಅಂದರೆ ರಿವಿಷನ್ ಸಾಕು. ಇದೆ ಅಂದರೆ ಹೊಸ ನಂಬರ್. ಸ್ವಲ್ಪ ಅನುಮಾನ ಬಂದರೂ ಹೊಸ ನಂಬರ್ ಕೊಡಿ. ನಿಮ್ಮ ಶಾಫ್ಟ್‌ನಲ್ಲಿ ಬದಲಾಗಿದ್ದು ಬೇರಿಂಗ್ ಕೂರುವ ಡಯಾ ಆಗಿದ್ದರೆ ಅದಕ್ಕೆ ರೆವ್ ಬಿ ಅಲ್ಲ, ಹೊಸ ನಂಬರೇ ಸಿಗಬೇಕಿತ್ತು.

ಇದರಿಂದಲೇ ಇನ್ನೊಂದು ಪ್ರಶ್ನೆಗೂ ಉತ್ತರ ಸಿಗುತ್ತದೆ. ಬಿಲ್ ಆಫ್ ಮೆಟೀರಿಯಲ್‌ನಲ್ಲಿ (ಅಸೆಂಬ್ಲಿಗೆ ಬೇಕಾದ ಪಾರ್ಟ್‌ಗಳ ಪಟ್ಟಿಯಲ್ಲಿ) ಪಾರ್ಟ್‌ನ ರಿವಿಷನ್ ಬರೆಯಬೇಕಾ? ಸಾಮಾನ್ಯವಾಗಿ ಬೇಡ. ನಂಬರ್ ಮಾತ್ರ ಬರೆಯಿರಿ. ರಿವಿಷನ್ ಬರೆದರೆ ಒಂದು ವಾಷರ್ ಬದಲಾದಾಗ ಅದನ್ನು ಬಳಸುವ ಸಬ್ ಅಸೆಂಬ್ಲಿ, ಅದರ ಮೇಲಿನ ಅಸೆಂಬ್ಲಿ, ಅದರ ಮೇಲಿನ ಮೆಷಿನ್, ಎಲ್ಲದರ ಡ್ರಾಯಿಂಗೂ ಏರಿಸಬೇಕಾಗುತ್ತದೆ. ಒಂದೇ ನಂಬರ್‌ನ ಎಲ್ಲ ರಿವಿಷನ್‌ಗಳೂ ಒಂದರ ಜಾಗದಲ್ಲಿ ಇನ್ನೊಂದು ಕೂರುತ್ತವೆ ಅನ್ನುವ ನಿಯಮ ಪಾಲಿಸಿದರೆ ಈ ತಾಪತ್ರಯವೇ ಇಲ್ಲ.

ರಿವಿಷನ್ ಟೇಬಲ್‌ನಲ್ಲಿ ಏನು ಬರೆಯುತ್ತೀರಿ ಅನ್ನುವುದರ ಬಗ್ಗೆಯೂ ಸ್ವಲ್ಪ ಹೇಳುತ್ತೇನೆ. ‘ಡೈಮೆನ್ಷನ್ ಬದಲಾಗಿದೆ’, ‘ಅಪ್‌ಡೇಟ್ ಮಾಡಿದೆ’, ‘ಕಸ್ಟಮರ್ ಹೇಳಿದಂತೆ’, ಇಂಥ ಮಾತುಗಳಿಂದ ಯಾರಿಗೂ ಪ್ರಯೋಜನ ಇಲ್ಲ. ಹೀಗೆ ಬರೆಯಿರಿ: ‘ಝೋನ್ ಸಿ4, ಹೋಲ್ ಡಯಾ 8.0 ಇದ್ದದ್ದು 8.5 ಆಯಿತು, ಬದಲಾವಣೆ ಚೀಟಿ 57’. ಹಳೆಯ ಅಳತೆ, ಹೊಸ ಅಳತೆ ಎರಡೂ ಇರಬೇಕು. ಯಾಕೆಂದರೆ ಶಾಪ್‌ನಲ್ಲಿರುವವರಿಗೆ ಬೇಕಾದದ್ದು ವ್ಯತ್ಯಾಸ. ಅವರ ಕೈಯಲ್ಲಿ ಆಗಲೇ ಅರ್ಧ ಮಾಡಿದ ಪಾರ್ಟ್‌ಗಳಿರುತ್ತವೆ. 8.0 ಹೋಲನ್ನು 8.5ಕ್ಕೆ ದೊಡ್ಡದು ಮಾಡಬಹುದು, ಆದರೆ 8.5 ಇದ್ದದ್ದು 8.0 ಆದರೆ ಮಾಡಿಟ್ಟದ್ದೆಲ್ಲ ಸ್ಕ್ರ್ಯಾಪ್. ಅದು ಅವರಿಗೆ ಆ ಸಾಲಿನಿಂದಲೇ ತಿಳಿಯಬೇಕು. ಡ್ರಾಯಿಂಗ್ ಮೇಲೆ ಬದಲಾದ ಜಾಗಕ್ಕೆ ತ್ರಿಕೋನದಲ್ಲಿ ಅಕ್ಷರ ಹಾಕಿ ಅಥವಾ ಮೋಡದ ಗೆರೆ ಎಳೆಯಿರಿ. ಮುಂದಿನ ರಿವಿಷನ್‌ನಲ್ಲಿ ಹಿಂದಿನ ಮೋಡ ತೆಗೆಯಿರಿ. ಮೂರು ರಿವಿಷನ್‌ನ ಮೋಡಗಳು ಒಂದೇ ಹಾಳೆಯಲ್ಲಿ ಕವಿದುಕೊಂಡರೆ ಇವತ್ತು ಬದಲಾಗಿದ್ದು ಯಾವುದು ಅಂತಲೇ ಗೊತ್ತಾಗುವುದಿಲ್ಲ.

ಬದಲಾವಣೆ ಚೀಟಿ ಅಂದೆನಲ್ಲ, ಅದೇ ಇಸಿಎನ್ (ಇಂಜಿನಿಯರಿಂಗ್ ಚೇಂಜ್ ನೋಟಿಸ್). ದೊಡ್ಡ ಫಾರಂ ಬೇಡ, ಒಂದು ಪುಟ ಸಾಕು. ಏನು ಬದಲಾಯಿತು, ಯಾಕೆ, ಯಾವ ನಂಬರ್‌ಗಳಿಗೆ ತಾಗುತ್ತದೆ. ಮುಖ್ಯವಾಗಿ, ಈಗಾಗಲೇ ಇರುವ ಸ್ಟಾಕ್ ಏನು ಮಾಡುವುದು: ಮುಗಿಯುವ ತನಕ ಬಳಸುವುದಾ, ತಿದ್ದಿ ಬಳಸುವುದಾ, ಎಸೆಯುವುದಾ? ಈ ಕೊನೆಯ ಸಾಲನ್ನು ಡಿಸೈನರ್‌ಗಳು ಮರೆಯುತ್ತಾರೆ. ಆಗ ಸ್ಟೋರ್‌ನವರು ತಮಗೆ ತಿಳಿದ ಹಾಗೆ ತೀರ್ಮಾನ ಮಾಡುತ್ತಾರೆ.

ಒಪ್ಪಿಗೆಯ ಸಹಿ ಯಾರದು? ಮಾಡಿದವರೇ ಪರಿಶೀಲಿಸಬಾರದು. ಐದು ಜನರಲ್ಲಿ ಇನ್ನೊಬ್ಬರು ನೋಡಲಿ. ಆದರೆ ಸಹಿ ಅಂದರೆ ಲೆಕ್ಕ ನೋಡಿದ್ದೇನೆ ಅಂತ ಅರ್ಥ ಇರಬೇಕು. 1981ರ ಜುಲೈ 17ರಂದು ಅಮೆರಿಕದ ಕಾನ್ಸಾಸ್ ಸಿಟಿಯ ಹಯಾತ್ ರೀಜೆನ್ಸಿ ಹೋಟೆಲ್‌ನಲ್ಲಿ ಒಂದರ ಕೆಳಗೊಂದಿದ್ದ ಎರಡು ತೂಗು ನಡೆದಾರಿಗಳು ಕುಸಿದು 114 ಜನ ಸತ್ತರು. ಮೊದಲ ಡಿಸೈನ್‌ನಲ್ಲಿ ಎರಡೂ ನಡೆದಾರಿಗಳು ಮೇಲಿನಿಂದ ಬಂದ ಒಂದೇ ಉದ್ದ ರಾಡ್‌ಗೆ ತೂಗಬೇಕಿತ್ತು. ಶಾಪ್ ಡ್ರಾಯಿಂಗ್‌ನಲ್ಲಿ ಅದು ಎರಡು ರಾಡ್ ಆಯಿತು. ಕೆಳಗಿನ ನಡೆದಾರಿ ಮೇಲಿನದಕ್ಕೆ ನೇತುಬಿದ್ದಿತು, ಮೇಲಿನ ಜೋಡಣೆಯ ಮೇಲಿನ ಹೊರೆ ಎರಡು ಪಟ್ಟಾಯಿತು. ಆ ಡ್ರಾಯಿಂಗ್ ಮೇಲೆ ಒಪ್ಪಿಗೆಯ ಮುದ್ರೆ ಇತ್ತು. ಹೊಸ ಜೋಡಣೆಯ ಲೆಕ್ಕ ಮಾತ್ರ ಯಾರೂ ಮಾಡಿರಲಿಲ್ಲ. ಮೂಲ ಡಿಸೈನ್ ಕೂಡ ಸಾಲುವಷ್ಟು ಗಟ್ಟಿ ಇರಲಿಲ್ಲ ಅಂತ ಆಮೇಲೆ ತಿಳಿಯಿತು. ಸಹಿ ಹಾಕುವಾಗ ಪೂರ್ತಿ ಡ್ರಾಯಿಂಗ್ ನೋಡಲು ಸಮಯ ಇಲ್ಲದಿದ್ದರೆ, ಕೊನೆಪಕ್ಷ ಬದಲಾದ ಜಾಗ ಯಾವ ಲೆಕ್ಕವನ್ನು ಮುಟ್ಟುತ್ತದೆ ಅಂತ ಕೇಳಿ.

ಈಗ ಶಾಪ್‌ನ ಕಾಗದ. ನಿಮ್ಮ ತಪ್ಪು ನಡೆದದ್ದು ಅಲ್ಲೇ ತಾನೇ? ಕಂಪ್ಯೂಟರ್‌ನಲ್ಲಿ ಎಷ್ಟೇ ಚೆನ್ನಾಗಿ ಇಟ್ಟರೂ ಡ್ರಾಯರ್‌ನಲ್ಲಿ ಮಡಚಿಟ್ಟ ಹಾಳೆ ತಾನಾಗಿ ಹೋಗುವುದಿಲ್ಲ. ಐಎಸ್‌ಒ 9001:2015ರ 7.5.3 ಕಲಂ ಕೇಳುವುದೂ ಇದನ್ನೇ, ದಾಖಲೆ ಬೇಕಾದ ಕಡೆ ಸಿಗಬೇಕು, ಬದಲಾವಣೆ ಹಿಡಿತದಲ್ಲಿರಬೇಕು. ಎರಡು ದಾರಿ ಇವೆ. ಪ್ರತಿ ಕೆಲಸದ ಜೊತೆ ಹೊಸ ಪ್ರಿಂಟ್ ಕೊಟ್ಟು, ಕೆಲಸ ಮುಗಿದಾಗ ವಾಪಸ್ ತೆಗೆದುಕೊಳ್ಳುವುದು ಒಂದು. ಯಾರ ಹತ್ತಿರ ಯಾವ ಪ್ರತಿ ಇದೆ ಅಂತ ಪಟ್ಟಿ ಇಟ್ಟು, ಹೊಸದು ಕೊಡುವಾಗ ಹಳೆಯದನ್ನು ಕೈಯಿಂದ ಕಿತ್ತುಕೊಳ್ಳುವುದು ಇನ್ನೊಂದು. ನನಗೆ ಮೊದಲನೆಯದೇ ಇಷ್ಟ. ಪ್ರಿಂಟ್ ಮೇಲೆ ಪ್ರಿಂಟ್ ಆದ ದಿನ ತಾನಾಗಿ ಬೀಳುವ ಹಾಗೆ ಮಾಡಿ. ಅದು ಅಂಚಿನಲ್ಲಿ ಚಿಕ್ಕದಾಗಿ, ‘ಪ್ರಿಂಟ್ ದಿನಾಂಕ’ ಅನ್ನುವ ಹೆಸರಿನ ಜೊತೆ ಇರಲಿ. ಬಿಡುಗಡೆಯ ತಾರೀಖಿನ ಜಾಗದಲ್ಲಿ ಬೇಡ. ಶಾಪ್‌ನವರು ಕೆಂಪು ಪೆನ್ನಿನಲ್ಲಿ ತಿದ್ದುವುದನ್ನು ನಿಲ್ಲಿಸಲು ಹೋಗಬೇಡಿ. ಅದು ಅವರ ಅನುಭವದ ಮಾತು. ತಿದ್ದಿದ ಕಡೆ ಸಹಿ, ತಾರೀಖು ಹಾಕಿಸಿ. ವಾರದೊಳಗೆ ಅದು ಸರಿಯಾದ ರಿವಿಷನ್ ಆಗಿ ಬರಲಿ, ಇಲ್ಲವೇ ಬೇಡ ಅಂತ ಕಾರಣ ಹೇಳಿ ವಾಪಸ್ ಹೋಗಲಿ.

ಕೊನೆಗೆ ಪಿಡಿಎಂ. ಇವತ್ತೇ ಕೊಳ್ಳಬೇಡಿ. ಮೂರು ತಿಂಗಳು ಈ ಎರಡು ಫೋಲ್ಡರ್ ಶಿಸ್ತಿನಲ್ಲಿ ಕೆಲಸ ಮಾಡಿ. ಆಗ ನಿಮಗೆ ಎಲ್ಲಿ ಕಷ್ಟ ಅಂತ ಗೊತ್ತಾಗುತ್ತದೆ. ಬಹುಶಃ ಮೊದಲು ಕಾಣುವುದು ಇಬ್ಬರು ಒಂದೇ ಪಾರ್ಟ್ ತೆರೆದು ಒಬ್ಬರ ಕೆಲಸದ ಮೇಲೆ ಇನ್ನೊಬ್ಬರು ಸೇವ್ ಮಾಡುವ ಸಮಸ್ಯೆ. ಅದಕ್ಕೆ ಚೆಕ್ ಔಟ್ ಬೀಗ (ಒಬ್ಬರು ತೆಗೆದುಕೊಂಡ ಫೈಲನ್ನು ಇನ್ನೊಬ್ಬರು ತಿದ್ದದಂತೆ ತಡೆಯುವುದು) ಬೇಕು, ಅದನ್ನು ಪಿಡಿಎಂ ಚೆನ್ನಾಗಿ ಕೊಡುತ್ತದೆ. ಯಾವ ಪಾರ್ಟ್ ಎಲ್ಲೆಲ್ಲಿ ಬಳಕೆಯಾಗಿದೆ ಅಂತಲೂ ಒಂದು ಕ್ಲಿಕ್‌ನಲ್ಲಿ ತೋರಿಸುತ್ತದೆ. ಸಾಲಿಡ್‌ವರ್ಕ್ಸ್ ಪಿಡಿಎಂ, ಆಟೋಡೆಸ್ಕ್ ವಾಲ್ಟ್, ಇವುಗಳ ಚಿಕ್ಕ ಆವೃತ್ತಿ ನಿಮ್ಮ ಈಗಿನ ಲೈಸೆನ್ಸ್‌ನಲ್ಲೇ ಸೇರಿದೆಯಾ ಅಂತ ಮೊದಲು ವಿಚಾರಿಸಿ. ಸಾಫ್ಟ್‌ವೇರ್ ಬರೆಯುವವರು ಬಳಸುವ ಗಿಟ್ ಬೇಡ. ಅದು ಪಠ್ಯದ ಸಾಲುಗಳನ್ನು ಹೋಲಿಸಿ ಕೂಡಿಸುತ್ತದೆ, ಕ್ಯಾಡ್ ಫೈಲ್ ಹಾಗೆ ಕೂಡುವುದಿಲ್ಲ. ಇಬ್ಬರ ಬದಲಾವಣೆಯಲ್ಲಿ ಒಬ್ಬರದು ಹೋಗಲೇಬೇಕಾಗುತ್ತದೆ.

ಹಳೆಯ ಸಾವಿರಾರು ಫೈಲ್‌ಗಳನ್ನೆಲ್ಲ ಒಮ್ಮೆಗೇ ಸರಿ ಮಾಡಲು ಹೊರಡಬೇಡಿ. ಈ ವಾರ ಶಾಪ್‌ನಲ್ಲಿ ಯಾವ ಪಾರ್ಟ್‌ಗಳು ನಡೆಯುತ್ತಿವೆಯೋ ಅವುಗಳನ್ನು ಮಾತ್ರ ಬಿಡುಗಡೆ ಫೋಲ್ಡರ್‌ಗೆ ತನ್ನಿ. ಉಳಿದವು ಮುಂದೆ ಕೈಗೆ ಬಂದಾಗ ಬರಲಿ. ಕಳೆದುಹೋದ ಆ ಶಾಫ್ಟ್‌ನ ರೆವ್ ಎ ಬಗ್ಗೆ ಹೇಳುವುದಾದರೆ, ಅದು ಪೂರ್ತಿ ಕಳೆದಿಲ್ಲ. ಶಾಪ್‌ನವರು ನೋಡಿ ಮಾಡಿದ ಆ ಹಳೆಯ ಪ್ರಿಂಟ್ ಇದೆಯಲ್ಲ, ಅದು ಯಾವ ರಿವಿಷನ್ ಅಂತ ಟೈಟಲ್ ಬ್ಲಾಕ್‌ನಲ್ಲಿ ನೋಡಿ. ಎ ಆಗಿದ್ದರೆ ನಿಮ್ಮ ಹತ್ತಿರ ಇರುವ ನಿಜವಾದ ರೆವ್ ಎ ಅದೊಂದೇ. ಯಾರಾದರೂ ಸಿಟ್ಟಿನಲ್ಲಿ ಹರಿದು ಹಾಕುವ ಮುಂಚೆ ಹೋಗಿ ಇಸಿದುಕೊಳ್ಳಿ. ಎಣ್ಣೆ ಕಲೆ ಇದ್ದರೂ ಪರವಾಗಿಲ್ಲ, ಸ್ಕ್ಯಾನ್ ಮಾಡಿ, ‘ಶಾಪ್ ಪ್ರತಿಯಿಂದ ಸ್ಕ್ಯಾನ್ ಮಾಡಿದ್ದು’ ಅಂತ ಬರೆದು, ಬಿಡುಗಡೆ ಫೋಲ್ಡರ್‌ನ ಹಳೆಯ ರಿವಿಷನ್‌ಗಳ ಜಾಗದಲ್ಲಿ ಮೊದಲ ಫೈಲಾಗಿ ಇಡಿ.